ಬಟ್ಟೆ ಮಡಿಸುತ್ತಾ ಗಳಿಸಿದ ಅಂಕಗಳು

ಕಳೆದ ಭಾನುವಾರ 2 ಗಂಟೆಯ ಒಂದು ಆನ್‌ಲೈನ್ ಪಾಠ ‘ಮುಗಿಸಿದೆ’. ವಿಷಯ ಸೋಂಕು ನಿಯಂತ್ರಣ. ಲ್ಯಾಪ್‌ಟಾಪ್ ಮಂಚದ ಮೇಲಿತ್ತು, ನಾನು ಪಕ್ಕದಲ್ಲಿ ನಿಂತು ವಾರದ ಬಟ್ಟೆ ಮಡಿಸುತ್ತಿದ್ದೆ. ಹತ್ತು ನಿಮಿಷಕ್ಕೊಮ್ಮೆ ಪರದೆಯ ಮೇಲೆ ‘ಮುಂದುವರಿಯಿರಿ’ ಎಂಬ ಗುಂಡಿ ಬರುತ್ತಿತ್ತು, ಕೈ ಖಾಲಿ ಇಲ್ಲದ್ದರಿಂದ ಮೊಣಕೈಯಿಂದ ಒತ್ತುತ್ತಿದ್ದೆ. ಕೊನೆಯಲ್ಲಿ 10 ಪ್ರಶ್ನೆ. ತಪ್ಪಾದರೆ ಮತ್ತೆ ಉತ್ತರಿಸಬಹುದು, ಎಷ್ಟು ಸಲ ಬೇಕಾದರೂ. ಹತ್ತಕ್ಕೆ ಹತ್ತು ಬಂತು. ನನ್ನ ಹೆಸರು, ಮೊಹರು, ಸುಂದರವಾದ ಅಂಚು ಇರುವ ಪ್ರಮಾಣಪತ್ರವೂ ಬಂತು. ದಾದಿಯರ ಪ್ರಮಾಣಪತ್ರ ನವೀಕರಣದ ಲೆಕ್ಕಕ್ಕೆ ಬರುವ 2 ಕ್ರೆಡಿಟ್ ಗಂಟೆ ಖಾತೆಗೆ ಜಮೆ.

ತುರ್ತು ಚಿಕಿತ್ಸಾ ವಿಭಾಗದಲ್ಲಿ ದಾದಿಯಾಗಿ ನನಗೆ 22 ವರ್ಷವಾಯಿತು. ಆ ಎರಡು ಗಂಟೆಯಲ್ಲಿ ಏನು ಕಲಿತೆ ಎಂದು ಯಾರಾದರೂ ಕೇಳಿದರೆ, ಎಲಾಸ್ಟಿಕ್ ಇರುವ ಹಾಸಿಗೆ ಹೊದಿಕೆಯನ್ನು ನೆಟ್ಟಗೆ ಮಡಿಸುವುದನ್ನೂ ಕಲಿಯಲಿಲ್ಲ ಎಂದೇ ಹೇಳಬೇಕು.

ಇದನ್ನು ಓದಿ ‘ನಾವೂ ಅದನ್ನೇ ಹೇಳುವುದು, ಈ ನವೀಕರಣವೆಲ್ಲ ಬರೀ ದುಡ್ಡು ಕೀಳುವ ವ್ಯವಹಾರ’ ಎನ್ನಲು ತಯಾರಾಗಿರುವ ಗೆಳೆಯರು ಸ್ವಲ್ಪ ತಡೆಯಬೇಕು. ನಾನು ಆ ಕಡೆಯವಳಲ್ಲ. ನಮ್ಮ ವೃತ್ತಿಯ ಪ್ರಮಾಣಪತ್ರಗಳಿಗೆ ಮುಕ್ತಾಯದ ದಿನಾಂಕ ಇರಲೇಬೇಕು ಎನ್ನುವವಳು. ಈಗಿರುವುದಕ್ಕಿಂತ ಬಿಗಿಯಾಗಿಯೇ ಇರಲಿ. ನನ್ನ ಜಗಳ ಇರುವುದು ನಾವು ಏನನ್ನು ಎಣಿಸುತ್ತಿದ್ದೇವೆ ಎಂಬುದರ ಬಗ್ಗೆ. ಕುರ್ಚಿಯ ಮೇಲೆ ಕಳೆದ ಹೊತ್ತನ್ನು ಎಣಿಸುತ್ತೇವೆ, ಕೈಯನ್ನು ನೋಡುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಹೊಸದಾಗಿ ಸೇರಿದವರು ಪದೇ ಪದೇ ಕೇಳುವುದು ಇದನ್ನೇ. ನೋಂದಣಿ ಅಥವಾ ಪರವಾನಗಿ ಬೇರೆ, ವೃತ್ತಿ ಪ್ರಮಾಣೀಕರಣ ಬೇರೆ, ಕೋರ್ಸ್ ಮುಗಿಸಿದ ಕಾರ್ಡ್ ಬೇರೆ. ಪರವಾನಗಿ ಎಂದರೆ ಕಾನೂನು ಕೊಡುವ ಅನುಮತಿ, ಅದಿಲ್ಲದೆ ರೋಗಿಯನ್ನು ಮುಟ್ಟುವಂತಿಲ್ಲ. ದಾದಿಯರಿಗೆಂದೇ ಇಡೀ ದೇಶಕ್ಕೆ ಅನ್ವಯಿಸುವ ನೋಂದಣಿ ಕಾನೂನನ್ನು ಮೊದಲು ತಂದದ್ದು ನ್ಯೂಜಿಲೆಂಡ್, 1901ರಲ್ಲಿ. ಮರುವರ್ಷ ಜನವರಿಯಲ್ಲಿ ಎಲೆನ್ ಡೊಹರ್ಟಿ ಎಂಬಾಕೆ ಆ ಪಟ್ಟಿಯ ಮೊದಲ ಹೆಸರಾದರು. ಪ್ರಮಾಣೀಕರಣ ಅದರ ಮೇಲಿನ ಮೆಟ್ಟಿಲು: ತೀವ್ರ ನಿಗಾ, ತುರ್ತು ಚಿಕಿತ್ಸೆ, ಕ್ಯಾನ್ಸರ್ ಶುಶ್ರೂಷೆಯಂತಹ ಒಂದು ಕ್ಷೇತ್ರದಲ್ಲಿ ನಿಮಗೆ ಹೆಚ್ಚಿನ ತಿಳಿವಳಿಕೆ ಇದೆ ಎಂದು ವೃತ್ತಿ ಸಂಸ್ಥೆಯೊಂದು ಪರೀಕ್ಷೆ ಮಾಡಿ ಹೇಳುವ ಮಾತು. ಇನ್ನು ಕೋರ್ಸ್ ಕಾರ್ಡ್ ಹೇಳುವುದು ಆ ದಿನ ಬಂದಿರಿ, ಆ ದಿನ ಮಾಡಿ ತೋರಿಸಿದಿರಿ ಎಂಬುದನ್ನಷ್ಟೇ. ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವ ತುರ್ತು ಕ್ರಮ, ಅದರ ಕಾರ್ಡ್ ಈ ಮೂರನೆಯ ಜಾತಿಯದು. ಈ ಮೂರನ್ನೂ ‘ಸರ್ಟಿಫಿಕೇಟ್’ ಎಂದು ಒಂದೇ ಹೆಸರಿನಿಂದ ಕರೆಯುವ ನಮ್ಮ ಅಭ್ಯಾಸವೇ, ವಾರಾಂತ್ಯದ ಕೋರ್ಸ್ ಮಾರುವವರಿಗೆ ಬಂಡವಾಳ. ಹಣ ಕಟ್ಟುವ ಮೊದಲು, ನೀವು ಕೆಲಸ ಮಾಡಬೇಕೆಂದಿರುವ ಕಡೆ ಈ ಕಾಗದಕ್ಕೆ ಬೆಲೆ ಇದೆಯೇ ಎಂದು ಒಂದು ಮಾತು ಕೇಳಿ. ಇಷ್ಟು ಸಾಕು, ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ನಿಜವಾದ ಪ್ರಮಾಣೀಕರಣವನ್ನು ಗಳಿಸುವುದು ಹುಡುಗಾಟವಲ್ಲ. ಅಮೆರಿಕದ ತೀವ್ರ ನಿಗಾ ದಾದಿಯರ ಸಂಘ ಕೊಡುವ ಸಿಸಿಆರ್‌ಎನ್ ಅನ್ನೇ ನೋಡಿ. ಪರೀಕ್ಷೆಗೆ ಕೂರಲು ಇರುವ ಒಂದು ದಾರಿಯಲ್ಲಿ, ಹಿಂದಿನ ಎರಡು ವರ್ಷಗಳಲ್ಲಿ ತೀವ್ರ ಅಸ್ವಸ್ಥ ರೋಗಿಗಳ ಹಾಸಿಗೆಯ ಪಕ್ಕದಲ್ಲಿ 1,750 ಗಂಟೆ ಕೆಲಸ ಮಾಡಿರಬೇಕು, ಅದರಲ್ಲಿ ಅರ್ಧದಷ್ಟು ಇತ್ತೀಚಿನ ವರ್ಷದ್ದಾಗಿರಬೇಕು. ಮೊದಲು ಕೈ ಪಳಗಲಿ, ಆಮೇಲೆ ಪೆನ್ನು ಹಿಡಿಯಲಿ ಎಂಬ ಈ ಕ್ರಮ ನನಗೆ ಬಹಳ ಸರಿ ಎನಿಸುತ್ತದೆ.

ನನ್ನ ತಯಾರಿ ನಡೆದದ್ದು ರಾತ್ರಿ ಪಾಳಿಗಳ ಸಂದಿಯಲ್ಲಿ. ಸಣ್ಣ ರಟ್ಟಿನ ಚೀಟಿಗಳಲ್ಲಿ ಬರೆದುಕೊಂಡು ಸಮವಸ್ತ್ರದ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5, ಅದು ಏರಿದರೆ ಇಸಿಜಿಯಲ್ಲಿ ಟಿ ಅಲೆ ಎಂಬ ಉಬ್ಬು ಚೂಪಾಗುತ್ತದೆ, ಇಳಿದರೆ ಚಪ್ಪಟೆಯಾಗುತ್ತದೆ, ಹೀಗೆ. ಒಂದು ವಾರ ಜೇಬು ನೋಡದೆ ಸಮವಸ್ತ್ರವನ್ನು ಒಗೆಯಲು ಹಾಕಿದೆ. ಒಂದು ಅಧ್ಯಾಯದಷ್ಟು ಚೀಟಿಗಳು ಹಿಟ್ಟಾಗಿ, ಬಿಳಿ ಜೇಬಿನ ತುಂಬ ನೀಲಿ ಶಾಯಿ. ಮತ್ತೆ ಕುಳಿತು ಬರೆದೆ. ಹಾಗೆ ಎರಡು ಸಲ ಬರೆದ ಅಧ್ಯಾಯ ಮಾತ್ರ ಇವತ್ತಿಗೂ ಬಾಯಿಗೆ ಬರುತ್ತದೆ ಎಂಬುದು ಬೇರೆ ಮಾತು.

ಪರೀಕ್ಷೆಯ ಪ್ರಶ್ನೆಗಳ ಬಗ್ಗೆ ಒಂದು ಮಾತು ಹೇಳಬೇಕು. ಅಲ್ಲಿ ಕಾಡುವುದು ಉತ್ತರ ಗೊತ್ತಿಲ್ಲದ ಪ್ರಶ್ನೆಯಲ್ಲ. ನಾಲ್ಕು ಆಯ್ಕೆಗಳೂ ಸರಿಯಾಗಿರುತ್ತವೆ, ‘ಮೊದಲು ಯಾವುದನ್ನು ಮಾಡುತ್ತೀರಿ?’ ಎಂದು ಕೇಳಿರುತ್ತಾರೆ. ರೋಗಿ ಏದುಸಿರು ಬಿಡುತ್ತಿದ್ದಾನೆ: ತಲೆಯ ಭಾಗ ಎತ್ತರಿಸುವುದೇ, ಆಮ್ಲಜನಕ ಹಾಕುವುದೇ, ವೈದ್ಯರನ್ನು ಕರೆಯುವುದೇ, ಶ್ವಾಸದ ಸದ್ದು ಕೇಳುವುದೇ? ವಾರ್ಡಿನಲ್ಲಿ ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಮಾಡಿಬಿಡುತ್ತೇವೆ. ಕಾಗದದ ಮೇಲೆ ಬಿಡಿಸಿ ಇಟ್ಟಾಗಲೇ, ಇಷ್ಟು ವರ್ಷ ಯಾವುದನ್ನು ಮೊದಲು ಮಾಡುತ್ತಿದ್ದೆ, ಯಾಕೆ ಮಾಡುತ್ತಿದ್ದೆ ಎಂದು ನನ್ನನ್ನು ನಾನೇ ಕೇಳಿಕೊಂಡದ್ದು. ಅಂತಹ ಪರೀಕ್ಷೆಗೆ ಕಟ್ಟಿದ ಶುಲ್ಕದ ಬಗ್ಗೆ ನನಗೆ ಯಾವತ್ತೂ ಬೇಸರವಾಗಿಲ್ಲ.

ಇನ್ನು ನನ್ನ ಮುಖ ಚಿಕ್ಕದಾದ ಕಥೆ.

ಎರಡು ವರ್ಷಗಳ ಹಿಂದೆ ಸಿಪಿಆರ್ ಕಾರ್ಡ್ ನವೀಕರಿಸಲು ಹೋಗಿದ್ದೆ. ನೆಲದ ಮೇಲೆ ಬೊಂಬೆ, ಅದಕ್ಕೆ ಜೋಡಿಸಿದ ಟ್ಯಾಬ್ಲೆಟ್ ಪರದೆ. ಒತ್ತುವುದು ಸರಿಯಿದ್ದರೆ ಪರದೆಯ ಪಟ್ಟಿ ಹಸಿರು, ಇಲ್ಲದಿದ್ದರೆ ಹಳದಿ. (ಈ ಬೊಂಬೆಯ ಮೊದಲ ರೂಪವನ್ನು 1960ರಲ್ಲಿ ಮಾಡಿದವರು ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್. ಆಟಿಕೆ ಮಾಡುವವನ ಕೈಯಿಂದ ಬಂದದ್ದಕ್ಕೆ ಇಷ್ಟು ಹೆದರಬೇಕಾಗುತ್ತದೆ ಎಂದುಕೊಂಡಿರಲಿಲ್ಲ.) ನನಗಿಂತ ಮೊದಲು ಮಂಡಿಯೂರಿದವಳು ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ. ಎರಡು ನಿಮಿಷ ಒತ್ತಿದಳು, ಪಟ್ಟಿ ಹಸಿರಾಗಿಯೇ ಇತ್ತು. ಆಮೇಲೆ ನಾನು. ಮೊದಲ ಅರ್ಧ ನಿಮಿಷ ಹಸಿರು. ಆಮೇಲೆ ಹಳದಿ. ನನಗೇನೋ ಚೆನ್ನಾಗಿಯೇ ಒತ್ತುತ್ತಿದ್ದೇನೆ ಅನಿಸುತ್ತಿತ್ತು, ಬೆವರು ಬೇರೆ ಇಳಿಯುತ್ತಿತ್ತು. ನಿಲ್ಲಿಸಿದಾಗ ಪರದೆಯ ಮೇಲೆ ಕಂಡದ್ದು: ಸರಾಸರಿ ಆಳ 4.2 ಸೆಂಟಿಮೀಟರ್, ವೇಗ ನಿಮಿಷಕ್ಕೆ 134. ಆಳ ಇರಬೇಕಾದದ್ದು 5ರಿಂದ 6, ವೇಗ 100ರಿಂದ 120.

ತರಬೇತುದಾರ ಒಳ್ಳೆಯ ಹುಡುಗ. ‘ಮೇಡಂ, ಸ್ವಲ್ಪ ಸುಧಾರಿಸಿಕೊಂಡು ಇನ್ನೊಮ್ಮೆ ಮಾಡೋಣವೇ?’ ಎಂದ. ಪಕ್ಕದಲ್ಲಿದ್ದ ಆ ಹುಡುಗಿ ನನ್ನ ಕಡೆ ನೋಡದೆ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು. ಮೊದಲೇ ಕಟ್ಟಿದ್ದ ಲೇಸ್ ಅದು.

134 ಎಲ್ಲಿಂದ ಬಂತು ಎಂದು ಮನೆಗೆ ಬಂದ ಮೇಲೆ ಯೋಚಿಸಿದೆ. ನಾನು ಕಲಿತಾಗ 15 ಸಲ ಒತ್ತಿ 2 ಸಲ ಉಸಿರು ಕೊಡುವ ಕ್ರಮವಿತ್ತು. 2005ರಲ್ಲಿ ಅದು 30ಕ್ಕೆ 2 ಆಯಿತು. 2010ರಲ್ಲಿ ಕ್ರಮವೇ ತಲೆಕೆಳಗಾಗಿ, ಉಸಿರಿಗಿಂತ ಮೊದಲು ಎದೆ ಒತ್ತಬೇಕು, ನಿಮಿಷಕ್ಕೆ ಕನಿಷ್ಠ 100 ಎಂದಾಯಿತು. ಆ ‘ಕನಿಷ್ಠ’ ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು. ಬೇಗ ಒತ್ತಿದಷ್ಟೂ ಒಳ್ಳೆಯದು ಎಂಬ ಭಾವನೆ. 2015ರಲ್ಲಿ 120 ಎಂಬ ಮೇಲ್ಮಿತಿ ಬಂತು, ಕಾರಣ ಸರಳ: ವೇಗ ಹೆಚ್ಚಾದಂತೆ ಆಳ ಕಡಿಮೆಯಾಗುತ್ತದೆ, ಹೃದಯ ಮತ್ತೆ ರಕ್ತ ತುಂಬಿಕೊಳ್ಳಲು ಹೊತ್ತು ಸಿಗುವುದಿಲ್ಲ. ಇದನ್ನು ನಾನು ಓದಿದ್ದೆ. ಆ ವಿಷಯದ ಲಿಖಿತ ಪರೀಕ್ಷೆಯಲ್ಲಿ ಪೂರ್ತಿ ಅಂಕವನ್ನೂ ಪಡೆದಿದ್ದೆ. ಕೈಗೆ ಮಾತ್ರ ಸುದ್ದಿ ತಲುಪಿರಲಿಲ್ಲ.

ನಿದ್ದೆಗೆಡಿಸಿದ್ದು ಮಾತ್ರ ಬೇರೆ. ಈ ನಡುವೆ ವಾರ್ಡಿನಲ್ಲಿ ನಿಜವಾದ ಎದೆಗಳನ್ನು ಒತ್ತಿದ್ದೇನಲ್ಲ? ಆ ರಾತ್ರಿಗಳಲ್ಲಿ ಹಸಿರು, ಹಳದಿ ಎಂದು ಯಾವ ಪಟ್ಟಿಯೂ ತೋರಿಸಿರಲಿಲ್ಲ. ಬದುಕಿಕೊಂಡರೆ ನಮ್ಮ ಕೈಗುಣ ಎಂದೆವು, ಹೋದರೆ ಬಂದದ್ದೇ ತಡವಾಗಿತ್ತು ಎಂದೆವು. ‘ಅನುಭವವೇ ಗುರು’ ಎಂದು ನಾವು ಹಿರಿಯರು ಎದೆ ತಟ್ಟಿಕೊಳ್ಳುತ್ತೇವೆ. ತಪ್ಪು ತೋರಿಸದ ಗುರು ಎಂತಹ ಗುರು? ಇಪ್ಪತ್ತು ವರ್ಷ ಒಂದೇ ತಪ್ಪನ್ನು ಮಾಡಿದರೆ ಆ ತಪ್ಪಿನಲ್ಲಿಯೇ ಕೈ ಪಳಗುತ್ತದೆ.

ಇದು ನನ್ನೊಬ್ಬಳ ಪಾಡೂ ಅಲ್ಲ. ಅನುಭವದ ವರ್ಷಗಳಿಗೂ ಚಿಕಿತ್ಸೆಯ ಗುಣಮಟ್ಟಕ್ಕೂ ಇರುವ ಸಂಬಂಧ ನೋಡಿದ 62 ಅಧ್ಯಯನಗಳನ್ನು ಒಟ್ಟುಗೂಡಿಸಿ, 2005ರಲ್ಲಿ ‘ಅನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂತು. ಅರ್ಧಕ್ಕಿಂತ ಹೆಚ್ಚಿನ ಅಧ್ಯಯನಗಳಲ್ಲಿ ಕಂಡದ್ದು, ವರ್ಷಗಳು ಏರಿದಂತೆ ಅಳೆದ ಎಲ್ಲ ವಿಷಯಗಳಲ್ಲೂ ಇಳಿಕೆ. ಅದು ವೈದ್ಯರ ಬಗ್ಗೆ ಮಾಡಿದ್ದು. ದಾದಿಯರಾದ ನಾವು ಒಳಗೊಳಗೇ ನಗುವ ಅಗತ್ಯವಿಲ್ಲ, ನಮ್ಮನ್ನು ಅಳೆದಿದ್ದರೆ ಬೇರೆ ಬರುತ್ತಿತ್ತು ಎಂದು ನನಗೇನೂ ಅನಿಸುವುದಿಲ್ಲ.

ವೈದ್ಯರ ಕಡೆಯ ಕಥೆ ಕೂಡ ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ ಕುಟುಂಬ ವೈದ್ಯರ ಮಂಡಳಿ 1969ರಲ್ಲಿ ಹುಟ್ಟಿದಾಗಲೇ ಪ್ರಮಾಣಪತ್ರಕ್ಕೆ ಅವಧಿ ಗೊತ್ತುಪಡಿಸಿತು. ಆಂತರಿಕ ವೈದ್ಯಶಾಸ್ತ್ರದ ಮಂಡಳಿ 1990ರಿಂದ 10 ವರ್ಷದ ಮಿತಿ ಹಾಕಿತು, ಅದಕ್ಕೆ ಮೊದಲು ಪಡೆದವರದು ಮಾತ್ರ ಆಜೀವ. ಅಂದರೆ ಯಾರು ಓದಿ ಹೆಚ್ಚು ಕಾಲವಾಗಿತ್ತೋ ಅವರನ್ನೇ ಮತ್ತೆ ಪರೀಕ್ಷಿಸುವಂತಿಲ್ಲ! ಮುಂದೆ 2014ರಲ್ಲಿ ಅದೇ ಮಂಡಳಿ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಿದಾಗ ವೈದ್ಯರು ತಿರುಗಿಬಿದ್ದರು. ರೋಗಿಗೆ ಉಪಯೋಗವಿಲ್ಲದ ಫಾರ್ಮ್ ತುಂಬುವ ಕೆಲಸ ಎಂಬುದು ಅವರ ದೂರು. 2015ರ ಫೆಬ್ರವರಿಯಲ್ಲಿ ಮಂಡಳಿ ಬಹಿರಂಗವಾಗಿ ತಪ್ಪೊಪ್ಪಿಕೊಂಡು ಕೆಲವು ಭಾಗಗಳನ್ನು ತಡೆಹಿಡಿಯಿತು. ಪರೀಕ್ಷಿಸುವವರೇ ನಪಾಸಾದದ್ದನ್ನು ನೋಡಿ ನಾನೂ ಆಗ ಖುಷಿಪಟ್ಟಿದ್ದೆ. ಈಗ ಅಷ್ಟು ಖುಷಿಯಿಲ್ಲ. ಆ ಗಲಾಟೆಯಲ್ಲಿ ಫಾರ್ಮಿನ ಮೇಲಿನ ಸಿಟ್ಟು ಯಾವುದು, ಪರೀಕ್ಷೆಯ ಮೇಲಿನ ಭಯ ಯಾವುದು ಎಂದು ಬಿಡಿಸಿ ನೋಡಿದವರು ಕಡಿಮೆ.

ನನಗೆ ಸ್ವಲ್ಪ ಹಿಡಿಸುವುದು ಬ್ರಿಟನ್ನಿನ ದಾದಿಯರ ಕ್ರಮ, 2016ರ ಏಪ್ರಿಲ್‌ನಿಂದ ನಡೆದಿರುವುದು. 3 ವರ್ಷಕ್ಕೊಮ್ಮೆ ಮರುಮೌಲ್ಯೀಕರಣ. 450 ಗಂಟೆ ಕೆಲಸ, 35 ಗಂಟೆ ಕಲಿಕೆ. ಆ 35ರಲ್ಲಿ 20 ಗಂಟೆಯಾದರೂ ಇತರರ ಜೊತೆ ಸೇರಿ ಕಲಿತದ್ದಾಗಿರಬೇಕು, ಬಟ್ಟೆ ಮಡಿಸುವವರಿಗೆ ಅಲ್ಲಿ ಜಾಗ ಕಡಿಮೆ. ಜೊತೆಗೆ ತಮ್ಮ ಕೆಲಸದ ಬಗ್ಗೆ 5 ಬರಹ ಬರೆದು, ಅವನ್ನು ಇನ್ನೊಬ್ಬ ನೋಂದಾಯಿತ ಸಹೋದ್ಯೋಗಿಯ ಎದುರು ಕುಳಿತು ಚರ್ಚಿಸಬೇಕು. ಇದನ್ನೂ ಕಾಟಾಚಾರಕ್ಕೆ ಮಾಡಿ ಮುಗಿಸಬಹುದು, ನಮ್ಮ ಜಾಣತನದ ಮೇಲೆ ನನಗೆ ನಂಬಿಕೆ ಇದೆ. ಆದರೂ ಎದುರಿಗೆ ಮನುಷ್ಯರು ಕುಳಿತಿದ್ದಾಗ ಮೊಣಕೈಯಿಂದ ಗುಂಡಿ ಒತ್ತುವುದು ಕಷ್ಟ.

ನನ್ನನ್ನು ಕೇಳಿದರೆ, ವಿಡಿಯೊ ಗಂಟೆಗಳನ್ನು ಅರ್ಧಕ್ಕಿಳಿಸಿ, ಆ ಹೊತ್ತನ್ನು ಚೂರು ಚೂರಾಗಿ ಒಡೆದು ಕೈಗೆ ಕೊಡಬೇಕು. ಸಿಪಿಆರ್ ಕೌಶಲ ತರಬೇತಿಯಾದ 3ರಿಂದ 6 ತಿಂಗಳಲ್ಲೇ ಸವೆಯತೊಡಗುತ್ತದೆ ಎಂಬುದು ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಕಾರ್ಡಿನ ಅವಧಿ 2 ವರ್ಷ. ನಡುವಿನ ಒಂದೂವರೆ ವರ್ಷ ನಾವು ನಡೆಸುವುದು ಕಾರ್ಡಿನ ಬಲದಿಂದ. ಅದಕ್ಕೇ ಕೆಲವು ಆಸ್ಪತ್ರೆಗಳಲ್ಲಿ 3 ತಿಂಗಳಿಗೊಮ್ಮೆ, ಪಾಳಿಯ ನಡುವೆಯೇ ಕೆಲವು ನಿಮಿಷ ಬೊಂಬೆಯ ಮೇಲೆ ಒತ್ತಿ ಹೋಗುವ ಪದ್ಧತಿ ಬಂದಿದೆ. ಔಷಧದ ಪ್ರಮಾಣ ಲೆಕ್ಕ ಹಾಕುವುದು, ರಕ್ತ ಕೊಡುವ ಮೊದಲು ಇಬ್ಬರು ನಿಂತು ಚೀಟಿ ತಾಳೆ ನೋಡುವುದು, ಇವಕ್ಕೂ ಹಾಗೆಯೇ ಮಾಡಬಹುದು. ದೊಡ್ಡ ಸಭಾಂಗಣ ಬೇಡ, ಊಟದ ಕೂಪನ್ ಬೇಡ.

ಕಾಗದದ ಕೆಲಸವನ್ನು ಹಗುರವಾಗಿ ಎಣಿಸಿ ಎನ್ನುತ್ತಿದ್ದೇನೆಂದು ಯಾರೂ ತಿಳಿಯಬೇಡಿ. ಒಮ್ಮೆ ನನ್ನ ನವೀಕರಣ 9 ದಿನ ತಡವಾಯಿತು. ನೆನಪೋಲೆ ಹೋದದ್ದು ನಾನು ಎಂದೋ ಬಿಟ್ಟಿದ್ದ ಇಮೇಲ್ ವಿಳಾಸಕ್ಕೆ, ಹೊಸದನ್ನು ಕೊಡದೇ ಇದ್ದದ್ದು ನನ್ನ ತಪ್ಪು. ಆ 9 ದಿನ ರೋಗಿಗಳ ಬಳಿ ಹೋಗುವಂತಿರಲಿಲ್ಲ. ಮೇಜಿನ ಹಿಂದೆ ಕುಳಿತು ಹಳೆಯ ಕಡತಗಳಿಗೆ ಸಂಖ್ಯೆ ಹಾಕಿದೆ, ನನ್ನ ಪಾಳಿಗಳನ್ನು ಉಳಿದವರು ಹಂಚಿಕೊಂಡು ಬೈದುಕೊಂಡರು. ಅಲ್ಲಿಂದ ಮುಂದೆ ಯಾವ ನೆನಪೋಲೆಯನ್ನೂ ನಂಬದೆ, ಮುಕ್ತಾಯದ ದಿನಕ್ಕೆ 6 ತಿಂಗಳು ಮೊದಲು ಮೊಬೈಲ್‌ನಲ್ಲಿ ಅಲಾರಂ ಇಡುತ್ತೇನೆ. ಹಾಜರಾದ ಪ್ರತಿ ತರಬೇತಿಯ ಪತ್ರವನ್ನೂ ಅಂದೇ ಒಂದೇ ಜಾಗದಲ್ಲಿ ಇಡುತ್ತೇನೆ, ಏಕೆಂದರೆ ಸಂಸ್ಥೆಗಳು ನಡುನಡುವೆ ಕೆಲವರ ಹೆಸರು ಎತ್ತಿ ದಾಖಲೆ ಕೇಳುತ್ತವೆ. ಹೊಸ ಕೆಲಸಕ್ಕೆ ಸೇರುವಾಗಲೂ ಒಳ್ಳೆಯ ಆಸ್ಪತ್ರೆಗಳು ನೀವು ಕೊಟ್ಟ ಪ್ರತಿಯನ್ನು ನೋಡಿ ಸುಮ್ಮನಾಗುವುದಿಲ್ಲ, ಪತ್ರ ಕೊಟ್ಟವರನ್ನೇ ನೇರವಾಗಿ ವಿಚಾರಿಸುತ್ತವೆ. ಮಾಡಲಿ.

ನಮ್ಮ ವಾರ್ಡಿನಲ್ಲಿ ಈಗ ಒಂದು ಹಳೆಯ ಬೊಂಬೆ ಇದೆ. ತರಬೇತಿ ಕೊಠಡಿಯಿಂದ ಬೇಡವೆಂದು ತೆಗೆದದ್ದು, ಎಡಗಿವಿ ಇಲ್ಲ, ಅಳತೆಯ ಪರದೆ ಮಾತ್ರ ಸರಿಯಾಗಿದೆ. ಉಗ್ರಾಣದ ಮೂಲೆಯಲ್ಲಿ ಮಲಗಿಸಿದ್ದೇವೆ. ಬಿಡುವಿದ್ದವರು ಹೋಗಿ ಎರಡು ನಿಮಿಷ ಒತ್ತುತ್ತಾರೆ, ನೋಡುತ್ತ ನಿಂತವರು ಪಕ್ಕದ ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ. ಇದಕ್ಕೆ ಯಾವ ಕ್ರೆಡಿಟ್ ಗಂಟೆಯೂ ಸಿಗುವುದಿಲ್ಲ, ಕೇಳಿ ನೋಡಿದೆ. ನಿನ್ನೆಯ ಸಾಲಿನಲ್ಲಿ ನನ್ನ ಹೆಸರಿನ ಮುಂದೆ 5.3 ಸೆಂಟಿಮೀಟರ್, 112 ಎಂದಿದೆ. ಅದರ ಕೆಳಗೆ, ಶೂ ಲೇಸ್ ಕಟ್ಟಿಕೊಂಡ ಹುಡುಗಿಯ ಗುಂಡು ಅಕ್ಷರದಲ್ಲಿ: ‘ಆಳ, ವೇಗ ಸರಿ. ಮೇಲೆ ಬರುವಾಗ ಎದೆಯ ಮೇಲೆ ಭಾರ ಉಳಿಸುತ್ತೀರಿ ಮೇಡಂ, ಪೂರ್ತಿ ಬಿಡಬೇಕು.’