ರಾಯರು ಪೆಟ್ರೋಲ್ ಹಾಕಿಸಲು ಹೋದರು

ನಮ್ಮ ಪಕ್ಕದ ಮನೆಯ ರಾಯರು ವಾರಕ್ಕೆ ಮೂರು ಸಲ ಪೆಟ್ರೋಲ್ ಹಾಕಿಸಲು ಹೋಗುತ್ತಾರೆ. ಬೇರೆಲ್ಲಿಗೂ ಹೋಗುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿನ ಬಾಗಿಲು ತೆರೆಯುತ್ತದೆ. ಚೋಕ್ ಎಳೆದು, ಎರಡು ಸಲ ಕೆಮ್ಮಿಸಿ, ಮೂರನೆಯದಕ್ಕೆ ಸ್ಟಾರ್ಟ್ ಮಾಡಿ, ತಮ್ಮ 1969ರ ಫಿಯೆಟ್ ಕಾರನ್ನು ಮದುಮಗಳನ್ನು ಹೊಸಿಲು ದಾಟಿಸುವ ಹಾಗೆ ಗೇಟಿನಿಂದ ಹೊರಗೆ ತರುತ್ತಾರೆ. "ಎಲ್ಲಿಗೆ ರಾಯರೇ?" ಎಂದರೆ "ಪೆಟ್ರೋಲಿಗೆ" ಎನ್ನುತ್ತಾರೆ. ಸಂಜೆ ಆರಕ್ಕೆ ವಾಪಸ್.

ಮೊದಲು ನನಗೆ ಬೇರೆಯೇ ಸಂಶಯ ಬಂದಿತ್ತು. ಪಂಪು ಇರುವುದು ನಮ್ಮ ಮನೆಯಿಂದ ಒಂದು ಕಿಲೋಮೀಟರಿನಲ್ಲಿ. ಅಲ್ಲಿಗೆ ಹೋಗಿ ಬರಲು ಒಂಬತ್ತು ಗಂಟೆ ಬೇಕಾ? ಈ ಪ್ರಾಯದಲ್ಲಿ ಅವರಿಗೆ ಎಲ್ಲಾದರೂ ಇನ್ನೊಂದು ಸಂಸಾರ ಉಂಟಾ ಎಂದು ಇವಳೂ ಕೇಳಿದಳು. ಕೊನೆಗೆ ರಾಯರೇ ಒಂದು ಕಾಗದ ತಂದು ನನ್ನ ಮುಂದೆ ಹಿಡಿದರು.

"ಓದಿ ಮಾಷ್ಟ್ರೆ. ಮೆಲ್ಲ ಓದಿ."

ಓದಿದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ಭಾಗ ಅದು. ಮೊದಲ ನೋಂದಣಿ ಆಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಕಾರು, ಬೈಕುಗಳಿಗೆ 'ವಿಂಟೇಜ್' ಎಂಬ ಮರ್ಯಾದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಅದು 10 ವರ್ಷಕ್ಕೆ. ಆಮೇಲೆ ಮರುನೋಂದಣಿಗೆ 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ 'ವಿಎ' ಎಂದು ಬರುತ್ತದೆ. ನಮ್ಮ ಕಡೆ ಜನರ ಬಾಯಲ್ಲಿ ವಿಎ ಅಂದರೆ ಈಗಲೂ ಗ್ರಾಮ ಲೆಕ್ಕಿಗರು. ಇದ್ದಾರೆ ಎಂದು ಎಲ್ಲರಿಗೂ ಗೊತ್ತು, ಕಣ್ಣಿಗೆ ಬೀಳುವುದು ಅಪರೂಪ. ಹೆಸರು ಸರಿಯಾಗಿಯೇ ಇಟ್ಟಿದ್ದಾರೆ.

ಇಷ್ಟೆಲ್ಲ ಆದ ಮೇಲೆ ಕಾರನ್ನು ರಸ್ತೆಗೆ ಇಳಿಸಬಹುದು. ಯಾತಕ್ಕೆ? ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ವಿಂಟೇಜ್ ರ‍್ಯಾಲಿಗೆ, ರಿಪೇರಿಗೆ ಮತ್ತು ಪೆಟ್ರೋಲ್ ಹಾಕಿಸಲು. ದಿನನಿತ್ಯದ ಓಡಾಟಕ್ಕೆ ಇಲ್ಲ. ಬಾಡಿಗೆಗೂ ಇಲ್ಲ.

ಅಂದರೆ ಪೆಟ್ರೋಲ್ ತರಲು ಪಂಪಿಗೆ ಹೋಗಬಹುದು. ಆ ಪೆಟ್ರೋಲ್ ಯಾತಕ್ಕೆ? ಪುನಃ ಪಂಪಿಗೆ ಹೋಗಲು.

ರಾಯರು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಸುತ್ತೋಲೆ ಓದಿ ನಿವೃತ್ತರಾದವರು. (ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಅವರ ಬ್ಯಾಂಕು 2020ರಲ್ಲಿ ಇನ್ನೊಂದು ಬ್ಯಾಂಕಿನ ಹೊಟ್ಟೆ ಸೇರಿತು. ಕಾರು ಉಳಿಯಿತು.) ಸುತ್ತೋಲೆಯಲ್ಲಿ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದು ಅವರಿಗೆ ಬೇಗ ಕಾಣುತ್ತದೆ. "ಪೆಟ್ರೋಲ್ ಹಾಕಿಸಲು ಹೋಗಬಹುದು ಅಂತ ಉಂಟು. ಯಾವ ಪಂಪು ಅಂತ ಉಂಟಾ?"

ಇಲ್ಲ. ಹಾಗಾಗಿ ರಾಯರು ಸೋಮವಾರ ಸಂತೆಕಟ್ಟೆಯ ಪಂಪಿಗೆ, ಬುಧವಾರ ಕಾರ್ಕಳದ ಪಂಪಿಗೆ, ಶುಕ್ರವಾರ ಕುಂದಾಪುರದ ಪಂಪಿಗೆ ಹೋಗುತ್ತಾರೆ. ಮೂರು ಲೀಟರ್ ಸುಟ್ಟು ಹೋಗಿ, ಮೂರು ಲೀಟರ್ ಹಾಕಿಸಿ, ಅದನ್ನು ಸುಟ್ಟು ಮನೆಗೆ ಬರುತ್ತಾರೆ. ಕಾರ್ಕಳದಲ್ಲಿ ಅವರ ತಂಗಿಯ ಮನೆ ಪಂಪಿನ ಹಿಂದೆಯೇ ಇರುವುದು ಕೇವಲ ಯೋಗಾಯೋಗ.

ಇದನ್ನು ನೋಡಿ ನನಗೆ ಹೊಟ್ಟೆಕಿಚ್ಚು. ಯಾಕೆಂದರೆ ನನ್ನದೂ ಒಂದು ಹಳೆ ಕಾರು. ಆದರೆ ಸಾಕಷ್ಟು ಹಳತಲ್ಲ. 1984ರ ಪ್ರೀಮಿಯರ್ ಪದ್ಮಿನಿ. ನನ್ನ ಮಾವ ಬುಕ್ ಮಾಡಿ, ವರ್ಷಗಟ್ಟಲೆ ಕಾದು ತೆಗೆದುಕೊಂಡದ್ದು. ಆಗಿನ ಕಾಲದಲ್ಲಿ ಕಾರು ಬುಕ್ ಮಾಡುವುದೆಂದರೆ ಮಗಳಿಗೆ ಗಂಡು ಹುಡುಕಿದ ಹಾಗೆ. ಮಾವನ ಅದೃಷ್ಟಕ್ಕೆ ಎರಡೂ ಒಂದೇ ವರ್ಷ ಸಿಕ್ಕಿದವು. ಕಾರಿನ ಬಗ್ಗೆ ಅವರಿಗೆ ಕೊನೆಯವರೆಗೂ ಹೆಮ್ಮೆ ಇತ್ತು.

ಕಾಗದಪತ್ರ ನವೀಕರಿಸಲು ಕಚೇರಿಗೆ ಹೋದೆ. ಯಾವ ಕಚೇರಿ, ಯಾವ ಊರು ಬೇಡ, ಎಲ್ಲ ಕಡೆ ಕೌಂಟರಿನ ಎತ್ತರ ಒಂದೇ.

"ಯಾವ ಮಾಡೆಲ್ ಮಾಷ್ಟ್ರೆ?"

"ಎಂಬತ್ನಾಲ್ಕು."

"ಅಯ್ಯೋ, ಇದು ಭಾರಿ ಹಳತಾಯ್ತಲ್ಲ ಮಾರಾಯ್ರೆ. ಗುಜರಿಗೆ ಹಾಕಿ ಬಿಡಿ."

"ಹಾಗಾದ್ರೆ ವಿಂಟೇಜಿಗೆ ಸೇರಿಸಿ ಕೊಡಿ."

"ಛೆ ಛೆ. ಅದಕ್ಕೆ ಇದು ಹೊಸತಾಯ್ತು."

ವಿಷಯ ಹೀಗುಂಟು. ಖಾಸಗಿ ಕಾರಿಗೆ 15ನೇ ವರ್ಷಕ್ಕೆ ಮೊದಲ ಪರೀಕ್ಷೆ. ಪಾಸಾದರೆ ಐದು ವರ್ಷ ಓಡಬಹುದು. ಆಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ಪುನಃ ಪರೀಕ್ಷೆ. 20 ದಾಟಿದ ಮೇಲೆ ಫೇಲಾದರೆ ಗುಜರಿಗೆ ಹಾಕಿ ಎಂದು 2021ರ ಗುಜರಿ ನೀತಿ ಹೇಳುತ್ತದೆ. ಹಾಕಿದರೆ ಬಹುಮಾನವೂ ಉಂಟು, ಹೊಸ ಕಾರಿನ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ. ಹಾಕದೆ ಹಟ ಹಿಡಿದರೆ ಶುಲ್ಕ. ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರಲ್ಲಿ 20 ದಾಟಿದ ಕಾರುಗಳಿಗೆ 10,000 ಮಾಡಿದರು.

ಮಾಷ್ಟ್ರಾಗಿ ನಾನು ತುಂಬ ಮಕ್ಕಳನ್ನು ಪರೀಕ್ಷೆಗೆ ಕೂರಿಸಿದ್ದೇನೆ. ಆದರೆ ಹದಿನೈದಕ್ಕೆ, ಇಪ್ಪತ್ತಕ್ಕೆ, ಹೀಗೆ ನಲವತ್ತೈದರವರೆಗೆ ಏಳು ಪರೀಕ್ಷೆ ಬರೆಸಿ, ಪ್ರತಿ ಸಲ ಪಾಸಾದಾಗಲೂ "ನೀನು ಇನ್ನೂ ಯಾಕೆ ಇದ್ದಿ?" ಎಂದು ಕೇಳಿ, ಐವತ್ತಾದ ಕೂಡಲೇ ಶಾಲು ಹೊದೆಸಿ ಸನ್ಮಾನ ಮಾಡುವ ಶಾಲೆ ನಾನು ಕಂಡದ್ದಿಲ್ಲ. ಪಾಂಡವರ ಅಜ್ಞಾತವಾಸವಾದರೂ ಒಂದು ವರ್ಷಕ್ಕೆ ಮುಗಿಯಿತು. ಪದ್ಮಿನಿಯದ್ದು ಮುಗಿಯುವುದು 2034ಕ್ಕೆ. ಅಲ್ಲಿಯವರೆಗೆ ಅವಳು ವಿರಾಟನ ಮನೆಯ ಬೃಹನ್ನಳೆ. ಇದ್ದಾಳೆ, ಆದರೆ ಯಾರೆಂದು ಹೇಳುವ ಹಾಗಿಲ್ಲ.

ಇನ್ನು ಆ 'ಮೂಲ ರೂಪ' ಎಂಬ ಮಾತು. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದಂತೆ. ಇದನ್ನು ಬರೆದವರು ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲ ಕಳೆದವರಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಹನ್ನೆರಡು ತಿಂಗಳು ಕಡಲಿನ ಉಪ್ಪು ಗಾಳಿ. ಇಲ್ಲಿ ಐವತ್ತು ವರ್ಷ ಮುಟ್ಟದೆ ಬಿಟ್ಟ ಕಾರು ಮೂಲ ರೂಪದಲ್ಲಿ ಇರುವುದಿಲ್ಲ, ಮಣ್ಣಿನ ರೂಪದಲ್ಲಿ ಇರುತ್ತದೆ. ನನ್ನ ಪದ್ಮಿನಿಯ ಅಡಿಯಲ್ಲಿ ತೂತು ಬಿದ್ದದ್ದು ನಮಗೆ ಗೊತ್ತಾದದ್ದೇ ಇವಳ ಚಪ್ಪಲಿಯಿಂದ. ಉದ್ಯಾವರ ದಾಟುವಾಗ ಎರಡು ಇತ್ತು. ಕಾಪು ತಲುಪುವಾಗ ಒಂದೇ.

ನಮ್ಮ ಜಿಲ್ಲೆಯಲ್ಲಿ ಹಳತನ್ನು ಉಳಿಸುವುದಕ್ಕೆ ಒಂದು ಕ್ರಮ ಉಂಟು, ಜೀರ್ಣೋದ್ಧಾರ. ದೇವಸ್ಥಾನ ಸೋರಲು ಸುರುವಾದರೆ ದೋಷ ಏನೆಂದು ತಿಳಿಯಲು ಜ್ಯೋತಿಷಿಗಳಿಂದ ಅಷ್ಟಮಂಗಲ ಪ್ರಶ್ನೆ ಇಡಿಸುತ್ತೇವೆ. ಸಮಿತಿ ಮಾಡುತ್ತೇವೆ. ಮುರಕಲ್ಲಿನ ಗೋಡೆ ಕೆಡವಿ ಕಾರ್ಕಳದ ಶಿಲೆ ತರುತ್ತೇವೆ. ಹಂಚು ಇಳಿಸಿ ತಾಮ್ರ ಹೊದೆಸುತ್ತೇವೆ. ಬ್ರಹ್ಮಕಲಶ ಮುಗಿಸಿ, ದ್ವಾರದಲ್ಲಿ 'ಎಂಟುನೂರು ವರ್ಷಗಳ ಇತಿಹಾಸವುಳ್ಳ' ಎಂದು ಬೋರ್ಡು ಹಾಕುತ್ತೇವೆ. ಒಳಗಿನ ದೇವರನ್ನು ಬಿಟ್ಟರೆ ಎಂಟು ವರ್ಷದ ವಸ್ತುವೂ ಅಲ್ಲಿ ಇರುವುದಿಲ್ಲ. ಯಾರಿಗೂ ತಕರಾರಿಲ್ಲ, ದೇವರಿಗೂ ಸೇರಿ.

ಪದ್ಮಿನಿಗೂ ಅದೇ ಕ್ರಮ. ಉದ್ಯಾವರದ ಮೆಕ್ಯಾನಿಕ್ ಪೊರ್ಬುಗಳು ಬಾನೆಟ್ ಎತ್ತಿ ಪ್ರಶ್ನೆ ಇಟ್ಟರು. ಉದ್ದದ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಅವರ ಕಿವಿಗೆ. ಕಣ್ಣು ಮುಚ್ಚಿ ಐದು ನಿಮಿಷ ಕೇಳಿದರು. "ದೋಷ ಉಂಟು ಮಾಷ್ಟ್ರೆ. ಹಿಂದೆ ಕೈ ಹಾಕಿದವರದ್ದು." ಡೆಲ್ಕೊ ದೋಷ, ಕಾರ್ಬೊರೇಟರ್ ದೋಷ, ಅಡಿಯಲ್ಲಿ ತುಕ್ಕಿನ ದೋಷ. ಪರಿಹಾರಕ್ಕೆ ಎಷ್ಟಾಗಬಹುದು ಎಂದು ಕೇಳಿದೆ. "ಅದೆಲ್ಲ ಈಗ ಹೇಳ್ಲಿಕ್ಕೆ ಬರುದಿಲ್ಲ, ಬಿಚ್ಚಿದ ಮೇಲೆ ಗೊತ್ತಾಗುದು." ಡಾಕ್ಟರುಗಳು ಕೂಡ ಇಷ್ಟು ಧೈರ್ಯವಾಗಿ ಹೇಳುವುದಿಲ್ಲ.

ಕಾರು ಶೆಡ್ಡಿಗೆ ಹೋದಾಗ ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಬರೀ ಕಂಬಗಳಲ್ಲಿ ನಿಂತಿತ್ತು. ಎರಡಕ್ಕೂ ಸ್ಪರ್ಧೆ ಎಂದು ನಾನು ಸುಮ್ನೆ ತಮಾಷೆ ಮಾಡಿದ್ದೆ. ಫ್ಲೈಓವರ್ ಗೆದ್ದಿತು. 2020ರ ಜನವರಿ ಕೊನೆಗೆ ಅದರ ಮೇಲೆ ವಾಹನ ಓಡಿದವು. ಪದ್ಮಿನಿ ಓಡಿದ್ದು ಅದಾಗಿ ಒಂದೂವರೆ ವರ್ಷಕ್ಕೆ.

ಹೊರೆಕಾಣಿಕೆ ಮುಂಬೈಯಿಂದ ಬಂತು. ಅಲ್ಲಿ ಪದ್ಮಿನಿ ಟ್ಯಾಕ್ಸಿಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿದ್ದ ಕಾಲ. (2023ರ ಅಕ್ಟೋಬರಿನಲ್ಲಿ ಕೊನೆಯದೂ ಹೋಯಿತು.) ಹೋಟೆಲಿನಲ್ಲಿರುವ ಭಾವ ಒಂದೊಂದೇ ಭಾಗ ಹುಡುಕಿ ರಾತ್ರಿ ಬಸ್ಸಿಗೆ ಹಾಕುತ್ತಿದ್ದರು. ಬೆಳಿಗ್ಗೆ ಕರಾವಳಿ ಜಂಕ್ಷನ್ನಿನಲ್ಲಿ ನಿಂತು, ನಿದ್ದೆಗಣ್ಣಿನ ಕ್ಲೀನರಿನ ಕೈಯಿಂದ ನಾನು ಬಾಗಿಲು ಇಳಿಸಿಕೊಂಡಿದ್ದೇನೆ, ಬಂಪರ್ ಇಳಿಸಿಕೊಂಡಿದ್ದೇನೆ. ಒಮ್ಮೆ ಬಾಳೆಗೊನೆಯ ಹಾಗೆ ಸ್ಟೇರಿಂಗ್ ಹೆಗಲಿಗೆ ಹಾಕಿಕೊಂಡು ಸಿಟಿ ಬಸ್ಸು ಹತ್ತಿದ್ದೇನೆ. "ಉಳಿದದ್ದು ಎಲ್ಲಿ ಮಾಷ್ಟ್ರೆ?" ಎಂದು ಕಂಡಕ್ಟರ್ ಕೇಳಿದ. ಈಗ ನನ್ನ ಬಿಳಿ ಕಾರಿನ ಬಾಗಿಲು ತೆರೆದರೆ ಒಳಬದಿಯಲ್ಲಿ ಟ್ಯಾಕ್ಸಿಯ ಕಪ್ಪು ಬಣ್ಣ. ಅಡಿಯ ತಗಡು ಬಂದರಿನ ಗುಜರಿಯದ್ದು. ಮೂಲದ್ದು ಎನ್ನುವುದಕ್ಕೆ ಉಳಿದಿರುವುದು ಚಾಸಿ ನಂಬರ್ ಮತ್ತು ಗ್ಲೋವ್ ಬಾಕ್ಸಿನಲ್ಲಿ ಮಾವನ ಕನ್ನಡಕ.

ಅಷ್ಟಾಗಿ ಅವಳು ಓಡತೊಡಗಿದ ಮೇಲೆ ಪೆಟ್ರೋಲಿಗೆ ಶೇ 20 ಎಥೆನಾಲ್ ಸೇರಿತು. ಆ ಕಾಲದ ರಬ್ಬರ್ ಪೈಪುಗಳಿಗೆ ಅದು ಆಗುವುದಿಲ್ಲ, ಉಬ್ಬುತ್ತವೆ. ಹುಟ್ಟಿದಂದಿನಿಂದ ಶುದ್ಧಾಚಾರದಲ್ಲಿದ್ದವಳಿಗೆ ನಲವತ್ತರ ಮೇಲೆ ಕುಡಿತ ಕಲಿಸಿದ್ದಾರೆ. ಪೊರ್ಬುಗಳು ಮಾತ್ರ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಹಳೆ ಕಾರುಗಳ ಪ್ರದರ್ಶನಕ್ಕೆ ರಾಯರ ಜೊತೆ ಹೋಗಿದ್ದೆ. ಚಳಿಗಾಲ ಅಂದರೆ ಮೂವತ್ತಮೂರು ಡಿಗ್ರಿ. ಆದರೂ ಮಾಲೀಕರು ಕೋಟು, ಉಣ್ಣೆ ಟೊಪ್ಪಿ ಹಾಕಿ, ಇಂಗ್ಲೆಂಡಿನ ಹಳ್ಳಿಯಲ್ಲಿ ನಿಂತವರ ಹಾಗೆ ಬೆವರುತ್ತಿದ್ದರು. ಅರ್ಧ ಕಾರುಗಳು ಲಾರಿಯ ಮೇಲೆ ಬಂದಿದ್ದವು. ಓಡಿಸಿದರೆ ಕಾರು ಹಾಳಾಗುತ್ತದೆ ಅಲ್ವಾ? ಒಂದು ಅಂಬಾಸಿಡರ್ ಸುತ್ತ ಕೆಂಪು ಹಗ್ಗ ಕಟ್ಟಿ 'ಮುಟ್ಟಬೇಡಿ' ಎಂದು ಬರೆದಿದ್ದರು.

ಅಲ್ಲಿ ಒಬ್ಬರು ಅಜ್ಜಿ ಹಗ್ಗದ ಆಚೆಯಿಂದ ಕೈ ಚಾಚಿ ಡಿಕ್ಕಿಯನ್ನು ಸವರಿದರು. ಸ್ವಯಂಸೇವಕ ಹುಡುಗ ಓಡಿ ಬಂದ. "ಅಜ್ಜಿ, ಮುಟ್ಲಿಕ್ಕಿಲ್ಲ. ಇದು ಪರಂಪರೆ."

"ಎಂತ ಪರಂಪರೆ ಮಗಾ? ವಿಟ್ಲದಿಂದ ಪುತ್ತೂರಿಗೆ ಸರ್ವಿಸ್ ಕಾರು ಇದು. ಹದಿನಾಲ್ಕು ಜನ ಹೋಗ್ತಿದ್ದೆವು. ಡ್ರೈವರ್ ಅರ್ಧ ಹೊರಗೆ. ನಾನು ಇಲ್ಲಿ, ಡಿಕ್ಕಿಯಲ್ಲಿ, ಮಡಿಲಲ್ಲಿ ಕೋಳಿ."

ಹುಡುಗ ಬೋರ್ಡು ನೋಡಿದ. ಅದರಲ್ಲಿ ಕಾರಿನ ಅಶ್ವಶಕ್ತಿ ಇತ್ತು. ಹದಿನಾಲ್ಕು ಜನ ಇರಲಿಲ್ಲ, ಕೋಳಿಯೂ ಇರಲಿಲ್ಲ. ಅಜ್ಜಿ ಕೈ ಹಿಂದೆಗೆದುಕೊಂಡರು.

ವಾಪಸ್ ಬರುವಾಗ ಕೂಳೂರಿನ ಹಳೆ ಸೇತುವೆಯ ಹತ್ತಿರ ಬ್ಲಾಕ್. ಮುಂದೆ ಟ್ಯಾಂಕರ್, ಹಿಂದೆ ಟ್ಯಾಂಕರ್. ರಾಯರು ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತ ಕೇಳಿದರು, "ಮಾಷ್ಟ್ರೆ, ಈ ಸೇತುವೆ ಯಾವ ಮಾಡೆಲ್?"

"ಐವತ್ತೆರಡು."

"ಹಾಗಾದ್ರೆ ವಿಂಟೇಜ್. ದಿನನಿತ್ಯದ ಓಡಾಟಕ್ಕೆ ಇಲ್ಲ. ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ ಮಾತ್ರ." ಆಮೇಲೆ ಕಿಟಕಿಯಿಂದ ಕೆಳಗೆ ಹೊಳೆ ನೋಡಿದರು. "ಸಂಶೋಧನೆ ನಡೀತಾ ಉಂಟು ಅಂತ ಕಾಣ್ತದೆ. ನಾವೇ ಇಲಿಗಳು."

ದೇವಸ್ಥಾನಕ್ಕೆ ಹೋಗಬಹುದಾ ಎಂಬ ವಿಷಯವನ್ನೂ ಅವರು ಬಿಟ್ಟಿಲ್ಲ. ನಿಯಮದಲ್ಲಿ ದೇವರ ಹೆಸರಿಲ್ಲ. ಆದರೆ ಆಯುಧಪೂಜೆಗೆ ಕಾರನ್ನು ಗೋಪುರದ ಎದುರು ನಿಲ್ಲಿಸಿ, ಹೂ ಹಾಕಿ, ದೇವರಿಗೆ ತೋರಿಸಿದರೆ ಅದು ಪ್ರದರ್ಶನ ಆಗುವುದಿಲ್ಲವಾ ಎಂಬುದು ಅವರ ವಾದ. ಚಕ್ರದಡಿಗೆ ಲಿಂಬೆಹಣ್ಣು ಇಡುವುದು ರಿಪೇರಿಗೆ ಸೇರುತ್ತದೆಯಂತೆ. ಮಲ್ಪೆಯಿಂದ ಬಂಗುಡೆ ತರುವುದಕ್ಕೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ತಾಂತ್ರಿಕ ಸಂಶೋಧನೆ ಎನ್ನೋಣ ಎಂದರೆ ಸೀಟಿನ ವಾಸನೆ ಸಾಕ್ಷಿ ಹೇಳುತ್ತದೆ. ರಾಯರಿಗೆ ಮೀನು ಯಾಕೆ ಎಂದು ನೀವು ಕೇಳಬೇಡಿ, ನಾನೂ ಕೇಳಿಲ್ಲ.

ನಿನ್ನೆ ರಾತ್ರಿ ಊಟದ ಹೊತ್ತಿಗೆ ಅವರ ಫೋನ್ ಬಂತು. ದನಿ ಸಣ್ಣದಿತ್ತು, ಹಿಂದಿನಿಂದ ಹೆಂಡತಿ ಏನೋ ಹೇಳಿಕೊಡುತ್ತಿರುವುದು ಕೇಳುತ್ತಿತ್ತು.

"ಮಾಷ್ಟ್ರೆ, ಕೊಲ್ಲೂರಿನ ಹತ್ತಿರ ಒಳ್ಳೆ ಪಂಪು ಯಾವುದುಂಟು? ಇವಳಿಗೆ ಎಂತದೋ ಹರಕೆ ಬಾಕಿ ಉಂಟಂತೆ."