ನೈರೋಬಿಗೆ ಹೊರಟ ಅಂಗಿಗಳು

ಮಗಳು ಮತ್ತು ಅಳಿಯ ನೈರೋಬಿಯಲ್ಲಿ ನೆಲೆಸಿ ಮೂರು ವರ್ಷಗಳಾದವು. ಮೊಮ್ಮಗನಿಗೆ ಹಲ್ಲು ಬಂದದ್ದನ್ನೂ, ಬಂದ ಹಲ್ಲಿನಿಂದ ಅವನು ಅಳಿಯನ ಬೆರಳನ್ನು ಕಚ್ಚಿದ್ದನ್ನೂ ನಾವು ಶಿರಸಿಯ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿಯೇ ನೋಡಿ ಸಂತೋಷಪಟ್ಟವರು. ಈ ವರ್ಷ ಅಡಿಕೆ ಕೊಯ್ಲು ಮುಗಿದ ಮೇಲೆ ಹೋಗಿಬರುವುದೆಂದು ನಿಶ್ಚಯವಾಯಿತು. ಟಿಕೇಟು ಕೊಂಡು ಸುಮ್ಮನೆ ಕುಳಿತಿದ್ದರೆ ಹೇಳಿಕೊಳ್ಳುವಂಥದ್ದೇನೂ ನಡೆಯುತ್ತಿರಲಿಲ್ಲ. ಆದರೆ ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದ ನನಗೆ, ಲೋಕಕ್ಕೆ ಒಂದಿಷ್ಟು ಉಪಕಾರ ಮಾಡದೆ ಬರೀ ಮೊಮ್ಮಗನನ್ನು ಎತ್ತಿಕೊಳ್ಳುವುದಕ್ಕಾಗಿ ಸಮುದ್ರ ದಾಟುವುದು ಶುದ್ಧ ಸ್ವಾರ್ಥವೆಂದು ತೋರಿತು.

ಮೊದಲ ಉಪಕಾರ ಭೂಮಿಗೆ. ವಿಮಾನದ ಹೊಗೆಯ ಪಾಪವನ್ನು ತುಸುವಾದರೂ ಇಳಿಸಲು ಮುಂಬೈವರೆಗೆ ರೈಲಿನಲ್ಲಿ ಹೋಗುವುದೆಂದು ನಿರ್ಧರಿಸಿ, ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ಮತ್ಸ್ಯಗಂಧ ಹತ್ತುವ ಯೋಜನೆ ಹಾಕಿದೆ. ಉಳಿದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ನಮ್ಮ ಸೊಪ್ಪಿನಬೆಟ್ಟದಲ್ಲಿ ಹತ್ತು ಅಪ್ಪೆಮಿಡಿ ಸಸಿಗಳನ್ನು ನೆಟ್ಟೆ. ಅವುಗಳಲ್ಲಿ ಏಳನ್ನು ನಮ್ಮದೇ ಕೊಟ್ಟಿಗೆಯ ದನ ಮೂರು ದಿನಗಳಲ್ಲಿ ಮೇದು ಮುಗಿಸಿತು.

ಎರಡನೆಯ ಉಪಕಾರ ಬಡವರಿಗೆ. ಆಫ್ರಿಕಾಕ್ಕೆ ಬರಿಗೈಯಲ್ಲಿ ಹೋಗುವುದು ತರವಲ್ಲವೆಂದು, ಉಡಲು ಬರುವ ಹಳೆಯ ಬಟ್ಟೆಗಳಿದ್ದರೆ ಕೊಡಿ ಎಂದು ಕೇರಿಯಲ್ಲಿ ಹೇಳಿಬಂದೆ. ನಮ್ಮ ಊರಿನವರು ಇಷ್ಟು ಉದಾರಿಗಳೆಂದು ದೇವಸ್ಥಾನಕ್ಕೆ ವಂತಿಗೆ ಎತ್ತುವಾಗ ನನಗೆ ಎಂದೂ ಅನ್ನಿಸಿರಲಿಲ್ಲ. ಮುಂಜಿಯಲ್ಲಿ ಬಂದ ಶಾಲುಗಳು, ಮದುವೆಯಲ್ಲಿ ಒಮ್ಮೆ ಮಾತ್ರ ಉಟ್ಟ ಜರಿಪಂಚೆಗಳು, ಕಂಕುಳಲ್ಲಿ ಹರಿದ ಬನಿಯನ್ನುಗಳು ಎಲ್ಲವೂ ಬಂದವು. ಆಚೆಮನೆಯ ಭಾವ ತೊಟ್ಟಿದ್ದ ಗೀಟು ಅಂಗಿಯನ್ನೇ ನಮ್ಮ ಜಗಲಿಯಲ್ಲಿ ಕಳಚಿ ಕೊಟ್ಟು, ಹೆಗಲ ಮೇಲೆ ಪಂಚೆ ಹೊದ್ದು ಮನೆಗೆ ಹೋದ. ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದರೆ ರಾಶಿ 61 ಕಿಲೋ ಇತ್ತು. ನಮ್ಮಿಬ್ಬರ ಟಿಕೇಟಿಗೆ ಸಲ್ಲುತ್ತಿದ್ದುದು 46 ಕಿಲೋ.

ಆ ರಾತ್ರಿ ಫೋನಿನಲ್ಲಿ ಮಗಳಿಗೆ ಹೆಮ್ಮೆಯಿಂದ ರಾಶಿಯನ್ನು ತೋರಿಸಿದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ.

"ಅಪ್ಪಯ್ಯ, ಹಳೆ ಬಟ್ಟೆ ತಂದು ಎಂತ ಮಾಡ್ತೆ? ಇಲ್ಲಿ ಅದರದ್ದೇ ದೊಡ್ಡ ಪೇಟೆ ಇದ್ದು" ಎಂದಳು ಕೊನೆಗೆ.

ನೈರೋಬಿಯ ಗಿಕೊಂಬಾ ಮಾರುಕಟ್ಟೆಯಲ್ಲಿ ಪರದೇಶಗಳಿಂದ ಬಂದ ಹಳೆಯ ಬಟ್ಟೆಗಳು ಬೆಟ್ಟದಂತೆ ಬಿದ್ದಿರುತ್ತವೆಯಂತೆ. ಅವುಗಳಿಗೆ ಸ್ವಾಹಿಲಿಯಲ್ಲಿ ‘ಮಿತುಂಬಾ’ ಎನ್ನುತ್ತಾರೆ. ಅಂದರೆ ನಮ್ಮ ಗಂಟು. ಲೋಕದ ದಾನಿಗಳೆಲ್ಲ ಕಪಾಟು ಖಾಲಿಮಾಡಿ ಕಳಿಸಿದ ಈ ಗಂಟುಗಳಿಂದ ಅಲ್ಲಿನ ಬಟ್ಟೆಗಿರಣಿಗಳಿಗೇ ಪೆಟ್ಟು ಬಿದ್ದಿತೆಂಬ ದೂರೂ, ಇವನ್ನು ಮಾರಿಯೇ ಹೊಟ್ಟೆ ಹೊರೆಯುವವರ ದೊಡ್ಡ ಗುಂಪೂ ಅಲ್ಲಿ ಒಟ್ಟಿಗೇ ಇವೆ. ಇದರ ನಡುವೆ ಭಾವನ ಗೀಟು ಅಂಗಿಗಾಗಿ ಯಾರೂ ಕಾದು ಕುಳಿತಿರಲಿಲ್ಲ.

ಹಾಗಾದರೆ ವಿದ್ಯಾದಾನವಾದರೂ ಆಗಲೆಂದು, ಮೊಬೈಲಿನಲ್ಲಿ ಹಣ ಕಳಿಸುವ ನಮ್ಮ ದೇಶದ ಕ್ರಮವನ್ನು ಅಲ್ಲಿನವರಿಗೆ ಕಲಿಸಿಕೊಡುವ ಇಚ್ಛೆಯನ್ನು ತಿಳಿಸಿದೆ. ನಮ್ಮಲ್ಲಿ ಯುಪಿಐ ಬಂದದ್ದು 2016ರಲ್ಲಿ. ಕೀನ್ಯಾದವರು ಎಂ-ಪೆಸಾ ಎಂಬ ಹೆಸರಿನಲ್ಲಿ 2007ರಿಂದಲೇ, ಬಟನ್ ಫೋನಿನಲ್ಲಿಯೇ, ಹಣ ಕಳಿಸುತ್ತಿದ್ದಾರೆ. ಕೊಡಲೇಬೇಕೆಂದಿದ್ದರೆ ಅವಳ ಮನೆಯ ಹತ್ತಿರದ ಶಾಲೆಯವರನ್ನು ಕೇಳಿ, ಅವರು ಹೇಳಿದ ಪುಸ್ತಕವನ್ನು ಅಲ್ಲಿಯ ಅಂಗಡಿಯಲ್ಲಿಯೇ ಕೊಂಡು ಕೊಟ್ಟರೆ ಸಾಕೆಂದೂ, ಅದಕ್ಕಿಂತ ಮೊದಲು ಸೂಜಿ ಹಾಕಿಸಿಕೊಳ್ಳಬೇಕೆಂದೂ ಮಗಳು ಹೇಳಿದಳು.

ಸೂಜಿಯೆಂದರೆ ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ಭಾರತಕ್ಕೆ ಮರಳುವವರು ಇದರ ಪ್ರಮಾಣಪತ್ರವನ್ನು ತೋರಿಸಬೇಕು. ಲಸಿಕೆ ಹಾಕಿಸಿಕೊಂಡು 10 ದಿನ ಕಳೆದ ಮೇಲೆಯೇ ಪತ್ರ ಊರ್ಜಿತವಾಗುತ್ತದೆ. ಇದು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುವುದರಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಸರತಿಯಲ್ಲಿ ನಿಂತು ನಮ್ಮ ಹೆಸರು ಕೂಗಿದಾಗ ಫೈಲು ಬಿಚ್ಚಿದರೆ, ಅದರಲ್ಲಿ ಪಾಸ್‌ಪೋರ್ಟಿನ ಬದಲು ನಮ್ಮ ತೋಟದ ಪಹಣಿ ಪತ್ರಗಳು ಇದ್ದವು. ಎರಡೂ ಫೈಲುಗಳ ಬಣ್ಣ ಒಂದೇ ಆಗಿದ್ದುದು ನನ್ನ ತಪ್ಪಲ್ಲವೆಂದು ನಾನು ಇಂದಿಗೂ ವಾದಿಸುತ್ತೇನೆ. ಮರಳಿ ಬಂದು ಮನೆಯೆಲ್ಲ ಜಾಲಾಡಿದಾಗ ಪಾಸ್‌ಪೋರ್ಟಿನ ಫೈಲು ಸಿಕ್ಕಿದ್ದು ದಾನದ ರಾಶಿಯಲ್ಲಿ. ಭದ್ರವಾಗಿರಲೆಂದು ನನ್ನ ಮನೆಯವಳು ಅದನ್ನು ಸುತ್ತಿಟ್ಟಿದ್ದ ಶಾಲನ್ನು ನಾನೇ ಕಪಾಟಿನಿಂದ ತೆಗೆದು ಬಡವರಿಗೆ ಕೊಟ್ಟುಬಿಟ್ಟಿದ್ದೆ.

ಎರಡನೆಯ ಸಲ ಡಾಕ್ಟರ ಎದುರಿಗೆ ಕುಳಿತೆವು. ಅರವತ್ತು ದಾಟಿದವರಿಗೆ ಈ ಲಸಿಕೆ ಕೊಡುವಾಗ ಎಚ್ಚರ ಹೆಚ್ಚು ಬೇಕಾದ್ದರಿಂದ ಅವರು ಬಿಪಿ, ಶುಗರು, ಮಾತ್ರೆಗಳ ವಿಚಾರವನ್ನೆಲ್ಲ ಕೇಳಿ, "ಮೊಟ್ಟೆ ತಿಂದರೆ ಅಲರ್ಜಿ ಆಗುತ್ತದೆಯೇ?" ಎಂದರು.

"ತಿಂದವರಿಗಲ್ಲವೇ ಸ್ವಾಮಿ ಗೊತ್ತಾಗುವುದು?" ಎಂದಳು ನನ್ನವಳು.

ಲಸಿಕೆಯ ವೈರಾಣುವನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆಂಬುದನ್ನು ಅವರು ವಿವರಿಸಿದರು. ವಿವರಿಸದಿದ್ದರೂ ನಡೆಯುತ್ತಿತ್ತು. ಸೂಜಿ ಹಾಕಿಸಿಕೊಂಡು ಅಲ್ಲಿಯೇ ಅರ್ಧ ತಾಸು ಕುಳಿತಿದ್ದಾಗ, ತೋಳಿಗೆ ಹೋದದ್ದು ಹೊಟ್ಟೆಗೆ ಹೋದಂತೆ ಆಗುತ್ತದೆಯೇ, ಆಗುವುದಾದರೆ ಪಂಚಗವ್ಯ ಸಾಕೇ ಎಂಬುದು ನಮ್ಮಿಬ್ಬರ ಚರ್ಚೆಯಾಗಿತ್ತು. ಬಾಗಿಲು ದಾಟುವುದರೊಳಗೆ ಸಾಕೆಂದು ತೀರ್ಮಾನವಾಯಿತು.

ಇನ್ನು ಉಳಿದದ್ದು ತಿಂಡಿಯ ಗಂಟು. ಮೊಗೆಬೀಜ ಒಯ್ಯುವ ಆಸೆಯನ್ನು, ಬೀಜಕ್ಕೆಲ್ಲ ಪರವಾನಗಿ ಬೇಕೆಂದು ಹೇಳಿ ಮಗಳು ಮೊದಲೇ ಬಿಡಿಸಿದ್ದಳು. ಹಲಸಿನ ಹಪ್ಪಳ, ತೊಡೆದೇವು, ಮುರುಗಲ ಸಿಪ್ಪೆ, ಹುರಿದ ಸಾಂಬಾರಪುಡಿ ಎಲ್ಲವನ್ನೂ ನನ್ನವಳು ವರ್ಷವಿಡೀ ತೊಳೆದು ಒಣಗಿಸಿ ಕೂಡಿಟ್ಟಿದ್ದ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ತುಂಬಿ, ರಬ್ಬರು ಹಾಕಿ, ಅದರ ಮೇಲೆ ಇನ್ನೊಂದು ಕೊಟ್ಟೆ ಹಾಕಿದ್ದಳು. ಕೀನ್ಯಾದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ 2017ರ ಆಗಸ್ಟ್ 28ರಿಂದ ನಿಷೇಧವಿದೆಯೆಂದೂ, ತಪ್ಪಿದವರಿಗೆ 40 ಲಕ್ಷ ಶಿಲ್ಲಿಂಗಿನವರೆಗೆ ದಂಡ ಅಥವಾ 4 ವರ್ಷಗಳವರೆಗೆ ಜೈಲು ಎಂದೂ ನಾನು ಓದಿ ಹೇಳಿದೆ. ಹೊರಗಿನಿಂದ ಬರುವವರೂ ವಿಮಾನ ನಿಲ್ದಾಣದಲ್ಲಿಯೇ ಅವುಗಳನ್ನು ಬಿಟ್ಟು ಹೋಗಬೇಕು. ಅವಳು ಜೈಲಿಗೆ ಹೆದರಲಿಲ್ಲ. ಕೂಡಿಟ್ಟ ಕೊಟ್ಟೆಗಳನ್ನು ಅಲ್ಲಿ ಬಿಟ್ಟುಬರಬೇಕೆಂಬುದಕ್ಕೆ ಹೆದರಿದಳು.

ಮರುದಿನ ಮಧ್ಯಾಹ್ನ ಒಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ಕೇಳಿಸಿತು. ಜರಿಪಂಚೆ ತೊಡೆದೇವಿನ ಚೀಲವಾಯಿತು; ಯಾರದೋ ಪ್ಯಾಂಟಿನ ಎರಡು ಕಾಲುಗಳು, ತಳ ಹೊಲಿಸಿಕೊಂಡು, ಮುರುಗಲ ಸಿಪ್ಪೆಯ ಎರಡು ಉದ್ದ ಚೀಲಗಳಾದವು. ಹಪ್ಪಳದ ಸ್ಟೀಲ್ ಡಬ್ಬಿಗೆ ಗೀಟು ಅಂಗಿಯೇ ಸರಿಯಾಗಿ ಹಿಡಿಸಿತು. ತೋಳು ಕತ್ತರಿಸಿ, ಗುಂಡಿ ಹಾಕಿ, ಕೆಳಗೆ ಹೊಲಿದು, ಕಿಸೆಯನ್ನು ಮಾತ್ರ ಅಂದಕ್ಕೆಂದು ಹಾಗೆಯೇ ಉಳಿಸಿದ್ದಳು.

ಕುಮಟಾ ಬಸ್ಸಿಗೆ ನಮ್ಮನ್ನು ಹತ್ತಿಸಲು ಭಾವನೂ ಬಂದಿದ್ದ. "ಎನ್ನ ಅಂಗಿ ಅಲ್ಲಿ ಯಾರಿಗಾದ್ರೂ ಸರಿಯಾಗ್ತಾ ಹೇಳಿ ನೋಡಿ" ಎಂದವನು, ನನ್ನವಳ ತೊಡೆಯ ಮೇಲಿದ್ದ ಚೀಲವನ್ನು ಕಂಡು ಸುಮ್ಮನಾದ. ಗೀಟನ್ನು ನೋಡಿದ, ಗುಂಡಿಯನ್ನು ನೋಡಿದ. ಆಮೇಲೆ ಕಿಟಕಿಯೊಳಗೆ ಕೈ ಚಾಚಿ ಕಿಸೆಗೆ ಎರಡು ಬೆರಳು ಹಾಕಿ, ನಾಲ್ಕಾಗಿ ಮಡಚಿದ ಒಂದು ಚೀಟಿಯನ್ನು ಹೊರಗೆಳೆದ. ಹದಿನೈದು ದಿನಗಳಿಂದ ಮನೆಮಂದಿಯನ್ನೆಲ್ಲ ಬೈದು ಹುಡುಕುತ್ತಿದ್ದ ಅವನ ಚಾಲಿ ಅಡಿಕೆಯ ಲೆಕ್ಕ ಅದು. ಬಸ್ಸು ತಿರುಗುವವರೆಗೂ ಅವನು ಕೈಬೀಸಲಿಲ್ಲ. ಅಲ್ಲಿಯೇ ನಿಂತು ಕ್ವಿಂಟಲುಗಳನ್ನು ಕೂಡುತ್ತಿದ್ದ.