ಕೋಟಿ ಕೋಣನ ಜಾತಕ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವರನ್ನು ನಮ್ಮ ಹಿರಿಯರು ಗೇಲಿ ಮಾಡಿದರು. ಈಗ ಕೊಟ್ಟಿಗೆಗೆ ಕಟ್ಟುವ ಮೊದಲೇ ಬ್ಯಾನರ್ ಕಟ್ಟುತ್ತೇವೆ. 2021ರ ನವೆಂಬರಿನಲ್ಲಿ ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳಕ್ಕೆ ಬಂದ ಹಳ್ಳಿಕಾರ್ ಹೋರಿಯೊಂದರ ಬೆಲೆ ಒಂದು ಕೋಟಿ ಅಂತ ಸುದ್ದಿಯಾಯಿತು. ಅದರ ಹೆಪ್ಪುಗಟ್ಟಿಸಿದ ವೀರ್ಯ ತುಂಬಿದ ಒಂದು ಸಣ್ಣ ಕೊಳವೆಗೆ, ಅಂದರೆ ಒಂದು ಕಡ್ಡಿಗೆ, 1,000 ರೂಪಾಯಿ. 2024ರಲ್ಲಿ ಹರಿಯಾಣದ ಮುರ್ರಾ ತಳಿಯ ಕೋಣ ಅನ್ಮೋಲ್ ಬಂತು, 23 ಕೋಟಿ. ಇಂಥ ಬೆಲೆಯನ್ನು ಹೇಳುವವರಿದ್ದಾರೆ, ಬರೆಯುವವರಿದ್ದಾರೆ, ಸ್ಟೇಟಸ್ ಹಾಕುವವರಿದ್ದಾರೆ. ಚೆಕ್ ಬರೆದವರು ಮಾತ್ರ ಕ್ಯಾಮೆರಾ ಕಣ್ಣಿಗೆ ಬೀಳುವುದಿಲ್ಲ.

ಅನ್ಮೋಲನ ಊಟದ ಪಟ್ಟಿಯೂ ಪತ್ರಿಕೆಗಳಲ್ಲಿ ಬಂತು: ಬಾದಾಮಿ, ದಾಳಿಂಬೆ, ಬಾಳೆಹಣ್ಣು, 20 ಮೊಟ್ಟೆ, ಮೇಲೆ 5 ಲೀಟರಿನಷ್ಟು ಹಾಲು. ತೂಕ 1,500 ಕೆ.ಜಿ. ಇರಲಿ, ಅಷ್ಟು ತಿಂದರೆ ಯಾರಾದರೂ ಆಗುತ್ತಾರೆ. ಬಾದಾಮಿ ಮೈಗೆ ಹತ್ತುತ್ತದೆಯೇ ಹೊರತು ವೀರ್ಯಕ್ಕೆ ಇಳಿಯುವುದಿಲ್ಲ. ಕಣ್ಣಿಗೆ ಕಾಣುವ ಗುಣ ಅಂದರೆ ತಳಿಗುಣ ಮತ್ತು ಸಾಕಣೆ ಎರಡೂ ಸೇರಿದ್ದು. ಮೇಳದ ತೀರ್ಪುಗಾರರು ಎರಡನೆಯದಕ್ಕೆ ಪದಕ ಕೊಟ್ಟು ಮೊದಲನೆಯದರ ಹೆಸರು ಬರೆಯುತ್ತಾರೆ.

ಕೋಣ ಹಾಲು ಕೊಡುವುದಿಲ್ಲವಲ್ಲ ಅಂತ ಯಾರಾದರೂ ಕೇಳಿಯಾರು ಎಂದು ಪಕ್ಕದಲ್ಲೇ ಒಂದು ಬೋರ್ಡು: ‘ತಾಯಿ ದಿನಕ್ಕೆ ಇಷ್ಟು ಲೀಟರ್’. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುವ ಗಾದೆಯನ್ನು ತಳಿಶಾಸ್ತ್ರದ ಭಾಷೆಗೆ ತಂದರೆ ಹೆರಿಟೆಬಿಲಿಟಿ 1 ಅಂತಾಗುತ್ತದೆ. ಹಾಲಿನ ಇಳುವರಿಯಲ್ಲಿ ಅದು ಸುಮಾರು 0.25. ಎಮ್ಮೆ ಎಮ್ಮೆಯ ನಡುವೆ ಕಾಣುವ ಏರುಪೇರಿನಲ್ಲಿ ಕಾಲು ಪಾಲು ಮಾತ್ರ ತಳಿಯದ್ದು. ಉಳಿದ ಮುಕ್ಕಾಲು ಹಿಂಡಿ, ಹಸಿಮೇವು, ಕಾಯಿಲೆ, ಕರೆಯುವವರ ಕೈಗುಣ ಇತ್ಯಾದಿ.

ಬೋರ್ಡನ್ನು ನಂಬಿಯೇ ಲೆಕ್ಕ ಹಾಕೋಣ. ತಾಯಿ 305 ದಿನಗಳ ಸೂಲಿನಲ್ಲಿ 3,000 ಲೀಟರ್ ಕೊಟ್ಟಳು, ಅದೇ ಕೊಟ್ಟಿಗೆಯಲ್ಲಿ ಅದೇ ಕಾಲದಲ್ಲಿ ಈದ ಉಳಿದವು ಸರಾಸರಿ 2,000 ಕೊಟ್ಟವು ಅನ್ನಿ. ಹೆಚ್ಚಳ 1,000. ಅದರ ಕಾಲು ಭಾಗ, 250, ತಳಿಯದ್ದು. ಮಗ ಕೋಣನಿಗೆ ಅರ್ಧ, 125. ಅವನ ಮಗಳಿಗೆ ಮತ್ತೆ ಅರ್ಧ, 62.5. ಇದನ್ನು 305ರಿಂದ ಭಾಗಿಸಿ: ದಿನಕ್ಕೆ ಸುಮಾರು 200 ಮಿಲಿ. ಒಂದು ಲೋಟ. ದಿನಕ್ಕೆ 5 ಲೀಟರ್ ಕುಡಿಯುವ ಕೋಣ ತಾನು ಕುಡಿದದ್ದನ್ನು ತೀರಿಸಬೇಕಾದರೆ ಇಂಥ 25 ಹೆಣ್ಣುಮಕ್ಕಳು ಒಟ್ಟಿಗೆ ಕರಾವಿಗೆ ನಿಲ್ಲಬೇಕು. ಆ ಲೋಟವೂ ಖಾತ್ರಿಯದಲ್ಲ; ತಾಯಿಯ ಒಂದು ಸೂಲಿನ ಅಂಕಿಯಿಂದ ಮಗನ ತಳಿಮೌಲ್ಯಕ್ಕೆ (ಅವನು ಮಕ್ಕಳಿಗೆ ದಾಟಿಸಬಲ್ಲ ಗುಣದ ಅಂದಾಜಿಗೆ) ಸಿಗುವ ವಿಶ್ವಾಸಾರ್ಹತೆ ನೂರಕ್ಕೆ ಆರು. ಜೊತೆಗೆ ಕರೆದ ಎಮ್ಮೆಗಳ ಸರಾಸರಿ ಬೋರ್ಡಿನಲ್ಲಿ ಇಲ್ಲದಿದ್ದರೆ ಈ ಲೆಕ್ಕ ಶುರುವೇ ಆಗುವುದಿಲ್ಲ. ಇರುವುದೇ ಇಲ್ಲ, ಬಿಡಿ.

ಕೋಣನ ಯೋಗ್ಯತೆ ತಿಳಿಯುವುದು ಮಗಳು ಕರೆದಾಗ. ಸೂತ್ರ ಸುಲಭ: ಹೆಣ್ಣುಮಕ್ಕಳ ಸಂಖ್ಯೆಯನ್ನು ಅದೇ ಸಂಖ್ಯೆಗೆ 15 ಕೂಡಿಸಿ ಬಂದದ್ದರಿಂದ ಭಾಗಿಸಿ. 15 ಮಕ್ಕಳಿದ್ದರೆ ವಿಶ್ವಾಸಾರ್ಹತೆ ನೂರಕ್ಕೆ 50, 60 ಇದ್ದರೆ 80, 135 ಇದ್ದರೆ 90. ಈ ಮಕ್ಕಳು ಬೇರೆ ಬೇರೆ ಊರುಗಳ ಬೇರೆ ಬೇರೆ ಕೊಟ್ಟಿಗೆಗಳಲ್ಲಿರಬೇಕು, ಬೇರೆ ಕೋಣಗಳ ಮಕ್ಕಳ ಜೊತೆಗೇ ಮೇಯಬೇಕು. ತಿಂಗಳಿಗೊಮ್ಮೆ ಬೆಳಿಗ್ಗೆ ಸಂಜೆ ಎರಡೂ ಹೊತ್ತಿನ ಹಾಲು ಅಳೆಯಬೇಕು. ಕಡ್ಡಿ ಹಂಚಿ, ಹತ್ತು ತಿಂಗಳ ಗಬ್ಬ ಮುಗಿದು, ಕಡಸು ಬೆಳೆದು ಈದು, ಒಂದು ಸೂಲು ಪೂರೈಸುವ ಹೊತ್ತಿಗೆ ಅಪ್ಪನಿಗೆ ಏಳು ದಾಟಿರುತ್ತದೆ. ಮೇಳದಲ್ಲಿ ಇದೇ ಕೆಲಸ ಹತ್ತು ನಿಮಿಷದಲ್ಲಿ ಮುಗಿದು ಊಟದ ಕೂಪನ್ನೂ ಸಿಗುತ್ತದೆ.

ಅಳೆಯುವ ಕಡೆಯೂ ನಮ್ಮ ಪ್ರತಿಭೆ ಕಡಿಮೆಯದಲ್ಲ. ಹಾಲಿನ ಪುಸ್ತಕ ತೆರೆದರೆ 8.0, 8.0, 7.5, 8.0. ಎಮ್ಮೆಗೆ ಅಷ್ಟು ಶಿಸ್ತಿಲ್ಲ. ಅದು ಟೀ ಅಂಗಡಿ ಬೆಂಚಿನ ಶಿಸ್ತು. ಒಂದು ಮೊಲೆ ಕರುವಿಗೆ ಬಿಟ್ಟದ್ದು ಬರೆಯುವುದಿಲ್ಲ. ಕಿವಿಯೋಲೆ ಬಿದ್ದುಹೋದರೆ ಹೊಸ ಸಂಖ್ಯೆ. ಎಮ್ಮೆ ಅದೇ, ವಂಶ ಬೇರೆ. ಕಂಪ್ಯೂಟರಿಗೆ ಇದು ಯಾವುದೂ ಕಾಣದು. ಕಾರ್ನೆಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಂಡರ್ಸನ್ ರೂಪಿಸಿದ ಬ್ಲಪ್ (ಬೆಸ್ಟ್ ಲೀನಿಯರ್ ಅನ್‌ಬಯಾಸ್ಡ್ ಪ್ರಿಡಿಕ್ಷನ್) ಎಂಬ ವಿಧಾನ ಅಜ್ಜಿ, ಚಿಕ್ಕಮ್ಮ, ಅಕ್ಕತಂಗಿ ಎಲ್ಲರ ಹಾಲನ್ನೂ ಒಂದೇ ಸಮೀಕರಣದಲ್ಲಿ ಕೂರಿಸಿ, ಕೊಟ್ಟಿಗೆಯ ಪಾಲನ್ನು ಬೇರ್ಪಡಿಸುತ್ತದೆ. ಹೆಣ್ಣು ನೋಡಲು ಹೋದ ಸೋದರತ್ತೆಯೂ ಅಷ್ಟು ವಿಚಾರಿಸುವುದಿಲ್ಲ. ಆ ವಿಧಾನದ ಹೆಸರಿನಲ್ಲೇ ‘ನಿಷ್ಪಕ್ಷಪಾತ’ ಎಂಬ ಪದವಿದೆ. ಆದರೆ ಕೊಟ್ಟಿಗೆಯಲ್ಲಿ ಒಬ್ಬಳಿಗೆ ಮಾತ್ರ ಕದ್ದು ಎರಡು ಸೇರು ಹಿಂಡಿ ಹಾಕಿದರೆ ಆ ಹಿಂಡಿಯನ್ನೂ ತಳಿಗುಣ ಅಂತಲೇ ಬರೆದುಕೊಳ್ಳುತ್ತದೆ.

ಇಷ್ಟರಲ್ಲಿ ಡಿಎನ್‌ಎಯಲ್ಲಿನ ಗುರುತುಗಳನ್ನು ಓದುವ ಚಿಪ್ ಬಂತು. 2024ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಿಯವರು ಹಸುಗಳಿಗೆ ಗೌ ಚಿಪ್, ಎಮ್ಮೆಗಳಿಗೆ ಮಹಿಷ್ ಚಿಪ್ ಬಿಡುಗಡೆ ಮಾಡಿದರು. ಒಳ್ಳೆಯ ಸಾಧನ, ತಕರಾರಿಲ್ಲ. ಕರುವಾಗಿದ್ದಾಗಲೇ ಅಂದಾಜು ಸಿಗುತ್ತದೆ, ಏಳು ವರ್ಷ ಕಾಯಬೇಕಿಲ್ಲ. ಆದರೆ ಯಾವ ಗುರುತಿಗೆ ಎಷ್ಟು ಹಾಲು ಅಂತ ಚಿಪ್ಪಿಗೆ ಕಲಿಸಲು ಅದೇ ತಳಿಯ ಸಾವಿರಾರು ಪ್ರಾಣಿಗಳ ಡಿಎನ್‌ಎ ಜೊತೆಗೆ ಹಾಲಿನ ದಾಖಲೆಯೂ ಬೇಕು. ಆ ದಾಖಲೆ ಎಲ್ಲಿದೆ ಅಂದಿರಾ? ಮೇಲೆ ಹೇಳಿದ ಟೀ ಅಂಗಡಿಯಲ್ಲಿ.

ಹಳ್ಳಿಕಾರ್ ವಿಷಯ ಇನ್ನೂ ಸೊಗಸು. ಅದು ದುಡಿಮೆಯ ತಳಿ. ಕೋಟಿಯ ಹೋರಿಯ ಮಕ್ಕಳು ಎಷ್ಟು ಕ್ವಿಂಟಾಲ್ ಗಾಡಿಯನ್ನು ಎಷ್ಟು ಗಂಟೆ ಎಳೆದವು ಅಂತ ಯಾವ ಬೋರ್ಡಿನಲ್ಲೂ ಕಾಣದು. ಕೊಂಬಿನ ಬಾಗು ಮಾತ್ರ ಎಲ್ಲರಿಗೂ ಬಾಯಿಪಾಠ. ಹೆಸರು ಮಾಡಿತು ಅಂತ ಊರೆಲ್ಲ ಅದೇ ಹೋರಿಯ ಕಡ್ಡಿ ಹಾಕಿಸಿ, ಮೂರು ವರ್ಷಕ್ಕೆ ಅದರ ಮಗಳಿಗೂ ಅದನ್ನೇ ಹಾಕಿಸಿದರೆ, ಹುಟ್ಟುವ ಕರುವಿನ ಒಳಸಂತಾನ, ಅಂದರೆ ಹತ್ತಿರದ ರಕ್ತದಲ್ಲೇ ಕೂಡಿದ ಪ್ರಮಾಣ, ನೂರಕ್ಕೆ 25. ಕರು ಸಣಕಲಾಗಿ ಹುಟ್ಟಿದರೆ ಇಂಜೆಕ್ಷನ್ ಹಾಕಿದವನದೇ ತಪ್ಪು.

ಅಂದಹಾಗೆ, 0.25 ಮಿಲಿಯ ಒಂದು ಕಡ್ಡಿಯಲ್ಲಿ ತುಂಬುವ ವೀರ್ಯಾಣುಗಳು 2 ಕೋಟಿ. ಈ ವ್ಯವಹಾರದಲ್ಲಿ ಸೂಕ್ಷ್ಮದರ್ಶಕದಡಿ ಎಣಿಸಿ ತೋರಿಸಬಹುದಾದ ಕೋಟಿ ಅದೊಂದೇ. ಅದನ್ನೂ 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಕರಗಿಸುವ ಬದಲು ಜೇಬಿನಲ್ಲಿಟ್ಟುಕೊಂಡು ಬೈಕ್ ಹತ್ತುವವರಿದ್ದಾರೆ.